ಕಟಕೋಳದ ಸೇಬಿನ ಮೇಲೆ ಮೂಡಿದ ಕೈ

ನಿವೃತ್ತಿಗೆ ಇನ್ನೂ ಹದಿನೈದು ತಿಂಗಳಿದ್ದಾಗ ನಾನು ರಾಮದುರ್ಗ ತಾಲ್ಲೂಕಿನಲ್ಲಿ ಸಹಾಯಕ ತೋಟಗಾರಿಕೆ ಅಧಿಕಾರಿಯಾಗಿದ್ದೆ. ಮೂವತ್ತೆರಡು ವರ್ಷದ ನೌಕರಿಯಲ್ಲಿ ದಾಳಿಂಬೆಯ ದುಂಡಾಣು ರೋಗ, ದ್ರಾಕ್ಷಿಯ ಬೂದಿ ರೋಗ, ನಿಂತಲ್ಲೇ ಒಣಗುವ ಲಿಂಬೆ ಎಲ್ಲವನ್ನೂ ನೋಡಿ ಹಳಬನಾಗಿದ್ದೆ. ರೈತರು ‘ಕಣ್ಣು ಬಿದ್ದೈತ್ರಿ ಸಾಹೇಬ್ರ’ ಎಂದರೆ ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಕಣ್ಣಿಗೆ ಯಾವ ಔಷಧಿ ಹೊಡೆಯೋಣ ಎಂದು ಮುಖಕ್ಕೆ ಹೊಡೆದಂತೆ ಕೇಳಿ, ಹಲವರ ಮನಸ್ಸು ನೋಯಿಸಿದ್ದೂ ಉಂಟು. ಅಂಥ ನನ್ನ ಕೈ ಕಟಕೋಳದ ಒಂದು ತೋಟದಲ್ಲಿ, ಹಾಡಹಗಲಲ್ಲಿ, ಒಂದು ಕಾಗದದ ಚೀಲ ಬಿಚ್ಚುವಾಗ ನಡುಗಿತು.

ಕಟಕೋಳದಲ್ಲಿ ಸೇಬು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಹಿಮ ಬೀಳದ ಊರಿನಲ್ಲೂ ಹೂ ಬಿಡುವ ತಳಿಗಳು ಈಗ ಬಂದಿವೆ. ಡಿಸೆಂಬರಿನಲ್ಲಿ ಎಲೆ ಉದುರಿಸಿ, ರೆಂಬೆ ಸವರಿ ಚಾಟನಿ ಮಾಡಿದರೆ ಜನವರಿಯಲ್ಲಿ ಹೂ, ಮೇ ತಿಂಗಳಲ್ಲಿ ಹಣ್ಣು. ಈ ಗಿಡಗಳನ್ನು ನಮ್ಮ ತಾಲ್ಲೂಕಿನಲ್ಲಿ ಧೈರ್ಯ ಮಾಡಿ ಹಾಕಿದವರಲ್ಲಿ ಸುಧಾಬಾಯಿ ಒಬ್ಬರು. ಐವತ್ತು ದಾಟಿದ, ಚುರುಕಿನ ಹೆಣ್ಣುಮಗಳು. ಗಂಡ ಶ್ರೀನಿವಾಸರಾಯರು ಪೂಜೆ ಪೌರೋಹಿತ್ಯ ಮಾಡಿಕೊಂಡು ಸವದತ್ತಿ, ರಾಮದುರ್ಗ ಎಂದು ತಿರುಗುವವರು. ತೋಟವೆಲ್ಲ ಹೆಂಡತಿಯದೇ. ಮನೆಯ ಹಿಂದೆ ಆರು ಸಾಲು, ಸಾಲಿಗೆ ಹದಿನಾಲ್ಕರಂತೆ ಎಂಬತ್ತನಾಲ್ಕು ಗಿಡ. ಅವರಿಗೆ ಸೇಬಿನ ಹುಚ್ಚು ಹಿಡಿಸಿದವನು ನಾನೇ.

ಆದರೆ ಆ ಜಾಗದಲ್ಲಿ ಮೊದಲು ರಾಯರ ತಾಯಿ ಗೋದಾಬಾಯಿಯವರ ಹೂದೋಟವಿತ್ತು. ದೇವರ ಪೂಜೆಗೆ ಬೇಕಾದ ಮಲ್ಲಿಗೆ, ಕಣಗಿಲ, ದಾಸವಾಳ. ಅದನ್ನು ಅಗೆದು ಗುಂಡಿ ತೋಡಿದ ದಿನ ನಾನು ಅಲ್ಲೇ ಇದ್ದೆ. ಎಂಬತ್ತರ ಹತ್ತಿರದ, ನನ್ನ ಎದೆಮಟ್ಟಕ್ಕೂ ಬಾರದ ಆ ಮುದುಕಿ ಹಿತ್ತಿಲ ಬಾಗಿಲಲ್ಲಿ ನಿಂತು ನನಗೆ ಹೇಳಿದ್ದರು: “ಸಾಹೇಬ್ರ, ಥಂಡಿ ದೇಶದ ಕೂಸುಗಳನ್ನ ತಂದು ಈ ಬಿಸಲಾಗ ನಿಲ್ಲಸ್ಲಿಕ್ಕೆ ಹತ್ತೀರಿ. ಅವು ಅತ್ತರ ಕೇಳವರು ಯಾರು?”

ನಾನು ನಕ್ಕುಬಿಟ್ಟೆ. ಅಂದಿನಿಂದ ಅವರು ಸೊಸೆಯ ಜೊತೆ ಮಾತು ನಿಲ್ಲಿಸಿದರು. ಏನಾದರೂ ಬೇಕಿದ್ದರೆ ಮಗನಿಗೆ ‘ಅಕೀಗೆ ಹೇಳು’ ಎನ್ನುವರು. ಹೀಗೇ ಮೂರು ವರ್ಷ. ಮೂರನೆಯ ವರ್ಷ ಗಿಡಗಳು ಮೊದಲ ಸಲ ಚೆನ್ನಾಗಿ ಕಾಯಿ ಕಟ್ಟಿದವು. ಅದೇ ಜನವರಿ ಕೊನೆಗೆ ಸುಧಾಬಾಯಿ ಮಗಳ ಬಾಣಂತನಕ್ಕೆಂದು ಬೈಲಹೊಂಗಲಕ್ಕೆ ಹೋದರು. ಫೆಬ್ರವರಿ ಕೊನೆಯ ವಾರ ಗೋದಾಬಾಯಿ ನಾಲ್ಕು ದಿನ ಹಾಸಿಗೆ ಹಿಡಿದು ತೀರಿಕೊಂಡರು. ಸೊಸೆ ಬಂದು ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹದಿಮೂರನೆಯ ದಿನದ ಊಟ ಮುಗಿದ ಎರಡು ದಿನಕ್ಕೆ ರಾಯರು ಫೋನ್ ಮಾಡಿದರು.

“ಸಾಹೇಬ್ರ, ಒಂದ್ ಸಲ ಬಂದ್ ಹೋಗ್ರಿ. ಕಾಯಿ ಮ್ಯಾಲೆ ಕೈ ಮೂಡ್ಯಾವ.”

“ಏನು ಮೂಡ್ಯಾವ?”

“ಕೈರೀ. ನಮ್ಮವ್ವನ ಕೈ.”

ನಾನು ಬೈಯಬೇಕೆಂದೇ ಗಾಡಿ ಹತ್ತಿದೆ. ಹೋಗಿ ನೋಡಿದೆ. ಬಾವಿಗೆ ಹತ್ತಿದ ಕೊನೆಯ ಸಾಲಿನಲ್ಲಿ, ಲಿಂಬೆ ಗಾತ್ರ ಮೀರಿದ ಹಸಿರು ಕಾಯಿಗಳ ಮೇಲೆ ಕಂದು ಬಣ್ಣದ ಒರಟು ಗೆರೆಗಳಿದ್ದವು. ಕಾಯಿಯ ಹೊಟ್ಟೆಯನ್ನು ಸುತ್ತುವರಿದು ನಾಲ್ಕು ಗೆರೆ, ಪಕ್ಕಪಕ್ಕದಲ್ಲಿ. ಅವು ಬಂದು ಸೇರುವ ಕಡೆ ಹೆಬ್ಬೆರಳಿನಂಥ ಒಂದು ಅಗಲ ಮಚ್ಚೆ. ಸಣ್ಣ ಕೈಯೊಂದು ಕಾಯಿಯನ್ನು ಹಿಡಿದು ಅಮುಕಿದರೆ ಹೇಗಿರುತ್ತದೆಯೋ ಹಾಗೆಯೇ. ಒಂದೆರಡು ಕಾಯಿಯಲ್ಲಿ ಇದ್ದಿದ್ದರೆ ಕಲ್ಪನೆ ಎಂದು ತಳ್ಳಿಹಾಕುತ್ತಿದ್ದೆ. ಅದು ಇಡೀ ಸಾಲಿನಲ್ಲಿತ್ತು.

ನನ್ನ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು. ಇದಕ್ಕೆ ನಾವು ರಸೆಟಿಂಗ್ ಎನ್ನುತ್ತೇವೆ. ಎಳೆಯ ಕಾಯಿಯ ಸಿಪ್ಪೆಗೆ ಪೆಟ್ಟಾದಾಗ ಅದರ ಮೇಲೆ ಬೆಂಡಿನಂಥ ಕಂದು ಪದರ ಬೆಳೆಯುತ್ತದೆ. ತುಕ್ಕು ಹಿಡಿದಂತೆ ಕಾಣುತ್ತದೆ. ಮಳೆ, ಮಂಜು, ಕೆಲವು ಔಷಧಿ ಇದಕ್ಕೆ ಕಾರಣ. ಏನು ಸಿಂಪಡಿಸಿದಿರಿ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. ಸುಧಾಬಾಯಿ ತೋಟದ ಲೆಕ್ಕ ಬರೆದಿಡುವ ವಹಿ ತಂದುಕೊಟ್ಟರು. ಹೂ ಬಿಟ್ಟ ಮೇಲೆ ಒಂದೇ ಒಂದು ಸಿಂಪರಣೆ ಇರಲಿಲ್ಲ. ಫೆಬ್ರವರಿಯಲ್ಲಿ ಒಂದು ಹನಿ ಮಳೆ ಬಿದ್ದಿರಲಿಲ್ಲ. ನೀರು ಕೊಡುವುದು ಡ್ರಿಪ್ಪಿನಲ್ಲಿ, ಬುಡಕ್ಕೆ ಮಾತ್ರ. ಉಳಿದ ಐದು ಸಾಲುಗಳ ಕಾಯಿ ನುಣ್ಣಗೆ ಹೊಳೆಯುತ್ತಿದ್ದವು.

“ನೀವ್ ಇನ್ನೊಂದ್ ನೋಡಿಲ್ಲ,” ಎಂದು ರಾಯರು ಮೆಲ್ಲಗೆ ಹೇಳಿದರು. “ಮ್ಯಾಲಿನ ಕಾಯಿ ನೋಡ್ರಿ.”

ಮೇಲಿನ ಕಾಯಿಗಳಲ್ಲಿ ಏನೂ ಇರಲಿಲ್ಲ. ಟೇಪು ಹಿಡಿದು ಅಳೆದೆ. ನೆಲದಿಂದ ಐದೂಕಾಲು ಅಡಿಯವರೆಗೆ ಗುರುತು, ಅದರ ಮೇಲೆ ಎಲ್ಲ ನಿರ್ಮಲ. ಗೋದಾಬಾಯಿ ಕೈ ಚಾಚಿದರೆ ಮುಟ್ಟುತ್ತಿದ್ದದ್ದು ಅಷ್ಟೇ ಎತ್ತರ ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಇದಕ್ಕೆ ಹೊರತಾದ ಕಾಯಿ ಒಂದೇ ಒಂದಿತ್ತು. ಒಂಬತ್ತನೆಯ ಗಿಡದ ತುದಿಯಲ್ಲಿ, ಆರೂವರೆ ಅಡಿ ಮೇಲೆ, ಅದೇ ನಾಲ್ಕು ಗೆರೆ, ಅದೇ ಹೆಬ್ಬೆರಳು. ಅದನ್ನು ಎರಡು ಸಲ ಅಳೆದೆ.

ಮನೆಯಲ್ಲಿ ನಡೆದದ್ದನ್ನು ರಾಯರು ಒಂದೊಂದಾಗಿ ಹೇಳಿದರು. ತಾಯಿ ದಿನಾ ನಸುಕಿನಲ್ಲಿ ಬಾವಿಯಲ್ಲಿ ಮಿಂದು, ಒದ್ದೆ ಮಡಿ ಸೀರೆಯಲ್ಲೇ ಆ ಸಾಲಿನ ಪಕ್ಕ ನಡೆದು ತುಳಸಿ ಕಟ್ಟೆಗೆ ಬರುತ್ತಿದ್ದರಂತೆ. ಮಡಿಯಲ್ಲಿದ್ದಾಗ ಯಾರನ್ನೂ ಮುಟ್ಟುವಂತಿಲ್ಲ; ಹಾಗಾಗಿ ಎಲ್ಲರೂ ಏಳುವ ಮೊದಲೇ ಅವರ ಓಡಾಟ. ಅವರಿಗಿದ್ದದ್ದು ಎರಡೇ ಮಡಿ ಸೀರೆ. ಸತ್ತ ದಿನ ಹುಡುಕಿದರೆ ಒಂದು ಸಿಕ್ಕಿತು, ಇನ್ನೊಂದು ಎಲ್ಲೂ ಸಿಗಲಿಲ್ಲ. ‘ಅದನ್ನುಟ್ಟುಕೊಂಡೇ ತಿರುಗುತ್ತಿದ್ದಾಳೆ’ ಎಂದು ರಾಯರ ಚಿಕ್ಕಮ್ಮ ಸಾರಿಬಿಟ್ಟಿದ್ದರು. ಅದೂ ಸಾಲದೆಂಬಂತೆ, ಬಾವಿಕಟ್ಟೆಯ ಮೇಲಿದ್ದ ಅವರ ತಾಮ್ರದ ತಂಬಿಗೆಯನ್ನು ಮನೆಯವರು ಯಾರೂ ಮುಟ್ಟದಿದ್ದರೂ, ಅದು ದಿನಾ ಬೆಳಿಗ್ಗೆ ನೀರು ತುಂಬಿಕೊಂಡಿರುತ್ತಿತ್ತು. ಕಾಯಿಯ ಮೇಲಿನ ಗುರುತುಗಳನ್ನು ಮೊದಲು ಕಂಡದ್ದು ಹದಿಮೂರನೆಯ ದಿನ, ಪಾತ್ರೆ ತೊಳೆಯಲು ಹೋದ ಬಂಧುಗಳು. ಅಂದಿನಿಂದ ದಿನಕ್ಕಿಷ್ಟು ಹೊಸ ಕಾಯಿಗಳಲ್ಲಿ ಮೂಡುತ್ತಲೇ ಇದ್ದವು.

ಚಿಕ್ಕಮ್ಮನೇ ತೀರ್ಪನ್ನೂ ಕೊಟ್ಟಿದ್ದರು. ಯುಗಾದಿ ಅಮಾವಾಸ್ಯೆಯ ಬೆಳಿಗ್ಗೆ ಆ ಸಾಲನ್ನು ಕಡಿಯಬೇಕು, ಮೊದಲ ಏಟು ಸೊಸೆಯೇ ಹಾಕಬೇಕು. ರಾಯರಿಗೂ ಸಾಕಾಗಿತ್ತು, ಒಪ್ಪಿದ್ದರು. ನನ್ನನ್ನು ಕರೆದದ್ದು ಬಹುಶಃ ಬೇರೆ ಯಾರಾದರೂ ಬೇಡ ಎನ್ನಲಿ ಎಂಬ ಆಸೆಗೆ.

ನಾನು ಸುಧಾಬಾಯಿಯ ಕಡೆ ನೋಡಿದೆ. ಒಂದೂವರೆ ತಿಂಗಳಲ್ಲಿ ಅರ್ಧ ಇಳಿದುಹೋಗಿದ್ದರು.

“ಒಂದು ಸಾಲಲ್ಲ, ಎಲ್ಲಾ ಕಡಿಸಿಬಿಡ್ತೀನ್ರಿ,” ಎಂದರು. “ಹೋಗೂ ಮುಂದ ಅವರಿಗೆ ಹೇಳಿ ಹೋಗಲಿಲ್ಲ ನಾನು. ಬಸ್ಸಿಗೆ ಹೊತ್ತಾತು ಅಂತ ನೆಪಾ ಮಾಡಿದೆ. ಕಾಲಿಗೆ ಬಿದ್ದಿದ್ರ ಏನ್ ಹೋಗ್ತಿತ್ತು? ಬಾಯಿಲೆ ಬೈಲಿಲ್ಲ ಮೂರು ವರ್ಷ. ಈಗ ಕೈಲೆ ಬರದಿಟ್ಟಾರ.”

ಗಿಡ ಹೋದರೆ ಮತ್ತೆ ನೆಡಬಹುದು. ಈ ಹೆಣ್ಣುಮಗಳು ಅತ್ತೆಯ ಶಾಪ ಹೊತ್ತು ಕೊಡಲಿ ಎತ್ತಿದರೆ, ಆಮೇಲೆ ಅವಳನ್ನು ಸರಿಮಾಡಲು ನನ್ನ ಇಲಾಖೆಯಲ್ಲಿ ಯಾವ ಔಷಧಿಯೂ ಇರಲಿಲ್ಲ. ಹೂದೋಟದ ಜಾಗಕ್ಕೆ ಸೇಬು ತಂದವನೂ ನಾನೇ. ಅಮಾವಾಸ್ಯೆಗೆ ಒಂಬತ್ತು ದಿನವಿತ್ತು. ಎಂಟು ದಿನ ಕೊಡಿ ಎಂದು ಕೇಳಿಕೊಂಡೆ.

ಹಟಕ್ಕೆ ಬಿದ್ದು ಒಂದು ಪರೀಕ್ಷೆ ಮಾಡಿದೆ. ಬಾವಿ ಸಾಲಿನಲ್ಲಿ ಕೈಗೆಟಕುವ, ಇನ್ನೂ ಗುರುತು ಬಾರದ ಹತ್ತು ಕಾಯಿ ಆರಿಸಿ ಬೆಣ್ಣೆ ಕಾಗದದ ಚೀಲ ತೊಡಿಸಿದೆ. ಬಾಯಿಗೆ ದಾರ ಬಿಗಿದು, ಗಂಟಿನ ಮೇಲೆ ಅಂಟುಪಟ್ಟಿ ಹಚ್ಚಿ, ಅದರ ಮೇಲೆ ನನ್ನ ಸಹಿ ಹಾಕಿದೆ. ಅದೇ ಸಾಲಿನ ಎತ್ತರದ ಹತ್ತು ಕಾಯಿಗೂ, ಬೇರೆ ಸಾಲಿನ ಹತ್ತು ಕಾಯಿಗೂ ಹಾಗೆಯೇ ಮಾಡಿದೆ. ಜೀವಂತ ಕೈಯಾದರೆ ಚೀಲ ಹರಿಯಬೇಕು, ಹರಿಯದಿದ್ದರೆ ಕಾಯಿ ನುಣ್ಣಗೆ ಉಳಿಯಬೇಕು ಎಂಬುದು ನನ್ನ ಲೆಕ್ಕ. ಇದರಲ್ಲಿ ಮೂರನೆಯ ದಾರಿಯೇ ಇಲ್ಲ ಎಂದುಕೊಂಡಿದ್ದೆ.

ಎಂಟನೆಯ ದಿನ ಬೆಳಿಗ್ಗೆ ಏಳಕ್ಕೆ ಹೋದೆ. ಬಿಸಿಲು ಆಗಲೇ ಏರುತ್ತಿತ್ತು. ಬಾವಿಕಟ್ಟೆಯ ಮೇಲೆ ತಂಬಿಗೆ ತುಂಬಿತ್ತು, ಅದರ ಸುತ್ತ ಕಲ್ಲು ಇನ್ನೂ ಹಸಿ. ರಾಯರು, ಸುಧಾಬಾಯಿ, ಚಿಕ್ಕಮ್ಮ ಮೂವರೂ ಸ್ವಲ್ಪ ದೂರ ನಿಂತರು. ಮೊದಲ ಚೀಲದ ಸಹಿ ಹಾಗೇ ಇತ್ತು, ಅಂಟು ಒಂದು ಕೂದಲಿನಷ್ಟೂ ಸರಿದಿರಲಿಲ್ಲ. ದಾರ ಕತ್ತರಿಸಿ ಚೀಲ ಇಳಿಸಿದೆ.

ಒಳಗಿನ ಕಾಯಿಯ ಮೇಲೆ ನಾಲ್ಕು ಬೆರಳು ಮೂಡಿದ್ದವು.

ಎರಡನೆಯದರಲ್ಲಿಯೂ ಇದ್ದವು. ಮೂರನೆಯ ಚೀಲಕ್ಕೆ ಕೈ ಹಾಕುವಾಗಲೇ ನನ್ನ ಬೆರಳು ನಡುಗಿದ್ದು. ಹತ್ತರಲ್ಲಿ ಏಳು ಕಾಯಿಗಳಲ್ಲಿ ಗುರುತು, ಯಾವ ಚೀಲವೂ ಹರಿದಿಲ್ಲ. ಎತ್ತರದ ಹತ್ತು, ಬೇರೆ ಸಾಲಿನ ಹತ್ತು, ಎಲ್ಲ ಶುದ್ಧ. ಚಿಕ್ಕಮ್ಮ ಹಣೆಗೆ ಕೈ ಹಚ್ಚಿ ಒಳಗೆ ಹೋದರು. ಸುಧಾಬಾಯಿ ಅಲ್ಲೇ ನೆಲದ ಮೇಲೆ ಕುಳಿತರು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ನನ್ನ ಬೆನ್ನ ಹಿಂದೆ ಒದ್ದೆ ಸೀರೆಯ ಸಪ್ಪಳ ಕೇಳಿದಂತಾಗಿ ತಿರುಗಿ ನೋಡಿದೆ. ಏನೂ ಇರಲಿಲ್ಲ.

ಬಾವಿಯಿಂದ ದೂರ ಹೋಗಿ ಧಾರವಾಡದಲ್ಲಿದ್ದ ನನ್ನ ಸಹಪಾಠಿಗೆ ಫೋನ್ ಹಚ್ಚಿದೆ. ಹಣ್ಣಿನ ಸಿಪ್ಪೆಯ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಿದವನು. ನಾನು ಹೇಳಿದ್ದನ್ನೆಲ್ಲ ಕೇಳಿ ನಕ್ಕ.

“ಚೀಲದಾಗ ಬಂದಿದ್ದಲ್ಲೋ ಮಾರಾಯಾ. ಚೀಲ ಹಾಕೂಕಿಂತ ಮೊದಲ ಆಗಿಹೋಗಿತ್ತು. ನಿನಗ ಕಾಣಸಿದ್ದು ಈಗ.”

ಅವನು ವಿವರಿಸಿದ್ದು ಇಷ್ಟು. ಸೇಬಿನ ಸಿಪ್ಪೆಯ ಮೇಲೆ ಮೇಣದಂಥ ತೆಳು ಪೊರೆ ಇರುತ್ತದೆ, ಅದಕ್ಕೆ ಕ್ಯುಟಿಕಲ್ ಎನ್ನುತ್ತಾರೆ. ಹೂ ಉದುರಿದ ಮೊದಲ ತಿಂಗಳು ಕಾಯಿ ಭರದಿಂದ ಉಬ್ಬುತ್ತದೆ, ಪೊರೆ ಬಿಗಿಯಾಗಿ ಎಳೆದುಕೊಂಡಿರುತ್ತದೆ. ಆಗ ಅದರ ಮೇಲೆ ತೇವ ಬಹಳ ಹೊತ್ತು ನಿಂತರೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬೀಳುತ್ತವೆ. ತೇವ ಇರುವಷ್ಟು ದಿನ ಏನೂ ಕಾಣುವುದಿಲ್ಲ. ತೇವ ಹೋಗಿ ಕಾಯಿ ಒಣಗಿದ ಮೇಲೆ, ಒಳಗಿನ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ಬೆಂಡಿನ ಪದರ ಕಟ್ಟಲು ಶುರುಮಾಡುತ್ತದೆ. ಅದು ಹೊರಗೆ ಕಂದು ಕಲೆಯಾಗಿ ಕಾಣಲು ವಾರಗಳೇ ಬೇಕು. ತಿಂಗಳು ದಾಟಿದ ಕಾಯಿಗೆ ಅಷ್ಟೇ ನೀರು ತಗಲಿದರೂ ಅಷ್ಟಾಗಿ ಏನೂ ಆಗದು.

ಇದು ನನಗೆ ಗೊತ್ತಿಲ್ಲದ ವಿಷಯವಲ್ಲ, ಪರೀಕ್ಷೆಗೆ ಓದಿದ್ದೇ. ಆದರೆ ಕಲೆ ಕಂಡ ದಿನವನ್ನೇ ಕಲೆ ಬಿದ್ದ ದಿನ ಎಂದು ಹಿಡಿದುಕೊಂಡು ಎಲ್ಲರ ಜೊತೆ ನಾನೂ ಹೆದರಿದ್ದೆ. ಬೆರಳು ಮಡಚಿ ದಿನ ಎಣಿಸಿದೆ. ಯಾರೋ ಕಾಯಿಗಳನ್ನು ತೇವ ಮಾಡಿದ್ದು ಫೆಬ್ರವರಿಯಲ್ಲಿ; ಅದು ನಿಂತದ್ದು ಗೋದಾಬಾಯಿ ಹಾಸಿಗೆ ಹಿಡಿದ ಸುಮಾರಿಗೆ. ಅಂದರೆ ಈ ಕೈ ಸತ್ತವರದಲ್ಲ, ಬದುಕಿದ್ದಾಗಿನದು. ಹಾಗಾದರೆ ಆರೂವರೆ ಅಡಿಯ ಆ ಒಂದು ಕಾಯಿ? ಅಲ್ಲಿಗೆ ಮುದುಕಿಯ ಕೈ ಹೋಗದು. ಇನ್ನೊಂದು ಕೈ ಇರಲೇಬೇಕು, ಎತ್ತರದವರದು, ಇವತ್ತಿಗೂ ನಸುಕಿನಲ್ಲಿ ಬಾವಿಗೆ ಬಂದು ತಂಬಿಗೆ ತುಂಬಿಡುವವರದು.

ತೋಟದಲ್ಲಿ ಅಂಥವಳು ಒಬ್ಬಳೇ ಇದ್ದಳು. ರತ್ನವ್ವ, ಊರಾಚೆಯ ಕೇರಿಯಲ್ಲಿ ಬೌದ್ಧ ಧರ್ಮ ಸೇರಿದವರ ಮನೆಯವಳು, ಮೂರು ವರ್ಷದಿಂದ ಅಲ್ಲಿ ಕೆಲಸಕ್ಕಿದ್ದಳು. ಬೆಳಗಿನ ಜಾವ ತ್ರೀ ಫೇಸ್ ಕರೆಂಟು ಬಂದಾಗ ಮೋಟಾರು ಹಚ್ಚುವುದು ಅವಳ ಕೆಲಸ. ಪಂಪಿನ ಕೋಣೆಯ ಬಾಗಿಲಲ್ಲಿ ಅವಳು ನಿಂತಿದ್ದಳು. ನಾನು ಗದರಿಸದೆ ಕೇಳಿದೆ, “ರತ್ನವ್ವ, ತಂಬಿಗಿ ನೀನ ತುಂಬಸ್ತೀ ಹೌದಿಲ್ಲೋ?”

 ಅವಳಿಗೆ ಕಣ್ಣೀರು ಬಂತು.

“ಕೈ ತಡೀಲಿಲ್ರೀ ಸಾಹೇಬ್ರ. ರೂಢಿ ಬಿದ್ದೈತಿ. ಅಮ್ಮಾರು ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡಿದ್ರು.”

ಕೊಡಲಿ ನಾಳೆ ಬೆಳಿಗ್ಗೆ ಬೀಳುತ್ತದೆ, ಆ ಆಣೆ ಇನ್ನು ಯಾರನ್ನೂ ಕಾಯುವುದಿಲ್ಲ ಎಂದೆ. ಅವಳು ಒಳಗೆ ಹೋಗಿ ಗೊಬ್ಬರದ ಚೀಲಗಳ ಹಿಂದಿನಿಂದ ಒಂದು ಗಂಟು ತಂದು ಸುಧಾಬಾಯಿಯ ಮುಂದೆ ಬಿಚ್ಚಿದಳು. ಬೆರಳಗಲ ಹರಿದ, ಮುದುಡಿದ ಬಟ್ಟೆಯ ಪಟ್ಟಿಗಳು, ನೂರಾರು. ಸುಧಾಬಾಯಿ ಒಂದನ್ನು ಎತ್ತಿ ಅಂಚು ನೋಡಿ ಬಾಯಿಗೆ ಸೆರಗು ಒತ್ತಿಕೊಂಡರು. ಕಳೆದುಹೋಗಿದ್ದ ಮಡಿ ಸೀರೆ ಅದು.

ರತ್ನವ್ವ ಹೇಳಿದ್ದನ್ನು ಆದಷ್ಟು ಅವಳ ಮಾತಿನಲ್ಲೇ ಹೇಳುತ್ತೇನೆ. “ಅಕ್ಕಾರು ಬೈಲಹೊಂಗಲಕ್ಕ ಹೋದ ಎರಡ ದಿನಕ್ಕ ಬಿಸಲು ಜೋರ ಆತ್ರಿ. ಅಮ್ಮಾರು ಬಾವಿಯಿಂದ ಬರಾಕತ್ತಿದ್ರು, ಒಂದ್ ಕಾಯಿ ಮುಟ್ಟಿ ನೋಡಿ ನಿಂತಬಿಟ್ರು. ‘ಥಂಡಿ ದೇಶದ ಕೂಸು, ಮೈ ಸುಡಾಕತ್ತೈತಿ’ ಅಂದ್ರು. ಜ್ವರ ಬಂದ್ ಕೂಸಿಗೆ ಹಣಿ ಮ್ಯಾಲ ತಣ್ಣೀರ ಪಟ್ಟಿ ಹಾಕತಾರಲ್ರಿ, ಹಂಗ ಒಂದೊಂದು ಕಾಯಿಗೆ ಒದ್ದಿ ಪಟ್ಟಿ ಕಟ್ಟಾಕ ಶುರು ಮಾಡಿದ್ರು. ದಿನಾ ತಂಬಿಗಿ ನೀರು ತಗೊಂಡು ಎಲ್ಲಾ ಪಟ್ಟಿ ಹಸಿ ಮಾಡೂದು. ಇದೊಂದ ಸಾಲು ಅವರ ಕೈಲಾದದ್ದು. ರಾಯರು ಊರೂರು ತಿರಗವರು, ಅಕ್ಕಾರಿಲ್ಲದಾಗ ಬಾವಿ ಕಡೆ ಯಾರೂ ಬರತಿರಲಿಲ್ಲ. ‘ಸೊಸಿ ಬರೂತನಾ ಉಳಸಬೇಕ ರತ್ನಾ, ಅಕಿ ಜೀವಾ ಇಟ್ಟಾಳ ಇವುರ ಮ್ಯಾಲ’ ಅಂತಿದ್ರು.”

ಸುಧಾಬಾಯಿ ತಲೆ ಎತ್ತಿದರು. “ನನಗ ಯಾಕ ಹೇಳಲಿಲ್ಲವಾ ರತ್ನಾ, ಅವರು ಹೋದಮ್ಯಾಲರ?”

“ಹೆಂಗ ಹೇಳ್ಲಿ ಅಕ್ಕಾರ? ಅವರ ಕೈ ನಡಗತಿದ್ವು, ಗಂಟ ಬೀಳತಿರಲಿಲ್ಲ. ನಾ ದೂರ ನಿಂತ ನೋಡಾಕತ್ತಿದ್ದೆ. ಒಂದಿನಾ ಮಡಿಯಾಗ ಇದ್ದಾಗನ ಪಟ್ಟಿ ನನ್ನ ಕೈಯಾಗ ಕೊಟ್ಟು, ‘ನೀ ಕಟ್ಟ’ ಅಂದ್ರು. ಅವತ್ತಿಂದ ಗಂಟೆಲ್ಲಾ ನಂದ. ಆ ಮ್ಯಾಲಿನ ಒಂದ್ ಕಾಯಿ ಅವರ ತೋರಿಸಿ ಕಟ್ಟಿಸಿದ್ದು. ಮಡಿ ಮುರದದ್ದು ಮನ್ಯಾಗ ಗೊತ್ತಾದ್ರ ರಾಯರಿಗೆ ಬ್ಯಾಸರ ಆಕ್ಕೈತಿ ಅಂತ ಆಣಿ. ಹಾಸಗಿ ಹಿಡದ ದಿನಾ ಹೇಳಿ ಕಳಿಸಿದ್ರು, ‘ಎಲ್ಲಾ ಬಿಚ್ಚಿಬಿಡು, ಸೊಸಿ ನೋಡಿದ್ರ ನಾಚಿಕಿ’ ಅಂತ. ಬಿಚ್ಚಿದೆ.”

ರಾಯರು ಗಂಟಲು ಸರಿಮಾಡಿಕೊಂಡರು. ಏನಾದರೂ ಅಂದುಬಿಡುತ್ತಾರೇನೋ ಎಂದು ನನಗೆ ಹೆದರಿಕೆಯಾಯಿತು. ಅವರು ಬಾವಿಕಟ್ಟೆಗೆ ಹೋಗಿ ತಂಬಿಗೆ ತಂದು, ರತ್ನವ್ವನ ಕೈಗೆ ಕೊಟ್ಟು, “ನಿನ್ನ ಹತ್ರನ ಇರ್ಲಿ ಇದು” ಎಂದರು.

ನಾನು ಒಂದು ಪಟ್ಟಿಯನ್ನು ಗುರುತಿದ್ದ ಕಾಯಿಗೆ ಸುತ್ತಿದೆ. ಮುದುಡಿ ನಾಲ್ಕು ಮಡಿಕೆಯಾಗಿದ್ದ ಬಟ್ಟೆ ನಾಲ್ಕು ಗೆರೆಗಳ ಜಾಡಿನಲ್ಲೇ ಕುಳಿತುಕೊಂಡಿತು; ಕಾಯಿ ಉಬ್ಬಿದಷ್ಟು ಗೆರೆಗಳು ಅಗಲವಾಗಿದ್ದವು, ಅಷ್ಟೆ. ಹೆಬ್ಬೆರಳು ಇದ್ದಲ್ಲಿ ಗಂಟು ಬಂತು. ಬಟ್ಟೆ ಕಾಯಿಗೆ ಒತ್ತಿದ್ದಲ್ಲೆಲ್ಲ ತೇವ ನಿಂತಿದೆ, ಗಂಟಿನ ಕೆಳಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತಿದೆ. ಅಲ್ಲೇ ಕಲೆಯೂ ಅಗಲ. ಕಾಪಾಡಲು ಕಟ್ಟಿದ ಒದ್ದೆ ಬಟ್ಟೆಯೇ ಸಿಪ್ಪೆಯನ್ನು ಸೀಳಿತ್ತು. ಸೇಬಿನ ಬಗ್ಗೆ ಏನೂ ಗೊತ್ತಿಲ್ಲದ ಮುದುಕಿ ಮಾಡಿದ ತಪ್ಪು ಅದು. ನಮ್ಮೂರ ಯಾವ ತಾಯಿಯಾದರೂ ಅದನ್ನೇ ಮಾಡುತ್ತಿದ್ದಳು.

ಮರುದಿನ ಅಮಾವಾಸ್ಯೆಗೆ ಕೊಡಲಿ ಏಳಲಿಲ್ಲ. ಮೇ ತಿಂಗಳಲ್ಲಿ ಐದು ಸಾಲಿನ ಹಣ್ಣು ವ್ಯಾಪಾರಿಗಳು ಒಯ್ದರು. ಬಾವಿ ಸಾಲಿನ ಒರಟು ಹಣ್ಣನ್ನು ಅವರು ಮುಟ್ಟಲಿಲ್ಲ, ಸುಧಾಬಾಯಿಯೂ ಕೊಡುವವರಿರಲಿಲ್ಲ. ಸಿಪ್ಪೆ ಮಾತ್ರ ಒರಟು, ಒಳಗೆ ರುಚಿ ಕೆಟ್ಟಿರುವುದಿಲ್ಲ. ಕೆಲವರಂತೂ ಅಂಥದ್ದೇ ಹೆಚ್ಚು ಸಿಹಿ ಎನ್ನುತ್ತಾರೆ.

ಆ ಪ್ರಕರಣದ ನಂತರ ಉಳಿದ ನೌಕರಿಯಲ್ಲಿ ನಾನು ಯಾವ ರೋಗದ ಗಿಡದ ಮುಂದೆ ನಿಂತರೂ, ಕಂಡದ್ದು ಯಾವಾಗ ಎಂದು ಕೇಳಿ ಅಲ್ಲಿಗೇ ನಿಲ್ಲಿಸಲಿಲ್ಲ. ಅದಕ್ಕೆ ಒಂದು ತಿಂಗಳು ಮೊದಲು ಇಲ್ಲಿ ಯಾರಿದ್ದರು, ಏನು ಮಾಡುತ್ತಿದ್ದರು ಎಂದು ಕೇಳಿದೆ. ಕಣ್ಣು ಬಿದ್ದಿದೆ ಎಂದವರಿಗೆ ಬೈಯುವುದನ್ನೂ ಬಿಟ್ಟೆ. ಅವರು ಹೆದರಿದ್ದಾರೆ ಎಂದರೆ ಎಲ್ಲೋ ಏನೋ ತಗಲಿದೆ ಎಂದೇ ಅರ್ಥ, ಅದನ್ನು ಹುಡುಕುವುದು ನನ್ನ ಕೆಲಸ ಎನಿಸಿತು.

ಚೀಲ ಬಿಚ್ಚಿದ ಆ ದಿನ ಬೆಳಿಗ್ಗೆ ನಾನು ಹೊರಡುವಾಗ ಸುಧಾಬಾಯಿ ಗುರುತಿನ ಕಾಯಿಯೊಂದರ ಮೇಲೆ ತಮ್ಮ ನಾಲ್ಕು ಬೆರಳು ಗೆರೆಗೆ ಗೆರೆ ಕೂಡಿಸಿ ಹಿಡಿದು ನಿಂತಿದ್ದರು.

“ಸಾಹೇಬ್ರ, ಇದಕ್ಕೇನರ ಔಷಧ ಹೊಡದ್ರ ಹೋಗ್ತದೇನ್ರಿ?”

ಇಲ್ಲ, ಒಮ್ಮೆ ಬಿದ್ದದ್ದು ಹೋಗುವುದಿಲ್ಲ, ಕಾಯಿ ದೊಡ್ಡದಾದ ಹಾಗೆ ಅದೂ ದೊಡ್ಡದಾಗುತ್ತದೆ ಎಂದು ಹಿಂಜರಿಯುತ್ತಲೇ ಹೇಳಿದೆ.

“ಛಲೋ ಆತು ಬಿಡ್ರಿ,” ಎಂದರು, ಕೈ ತೆಗೆಯದೆ.